ಮಂದ್ರವನ್ನು ಅರಸಿದ ಯಂತ್ರಶಿಲ್ಪಿ: ಲಿಯೋ ಫೆಂಡರ್

ಸಂಗೀತದ ಚರಿತ್ರೆಯನ್ನು ಬರೆಯುವವರು ವಾಗ್ಗೇಯಕಾರರ ಹೆಸರನ್ನು ಹೇಳುತ್ತಾರೆ. ಗಾಯಕ ವಾದಕರ ಹೆಸರನ್ನು ಹೇಳುತ್ತಾರೆ. ಅವರಿಗೆ ಆಶ್ರಯವಿತ್ತ ಅರಸರನ್ನೂ ಮರೆಯುವುದಿಲ್ಲ. ವಾದ್ಯವನ್ನು ಕಡೆದುಕೊಟ್ಟ ಬಡಗಿಯ ಹೆಸರು ಮಾತ್ರ ಆ ಪಟ್ಟಿಯಲ್ಲಿ ಅಪರೂಪ. ವೀಣೆಯ ದಂಡಿಯನ್ನು ಕೊರೆದವನು ಯಾರು, ಮೇಣದ ಮೇಲೆ ಮೆಟ್ಟಿಲುಗಳನ್ನು ಕೂರಿಸಿ ಶ್ರುತಿ ನೋಡಿದವನು ಯಾರು ಎಂದು ಕೇಳುವ ಶ್ರೋತೃ ಸಾವಿರಕ್ಕೊಬ್ಬನೂ ಇರಲಾರ. ಇಪ್ಪತ್ತನೆಯ ಶತಮಾನದಲ್ಲಿ ಈ ಬಡಗಿಯ ಪಕ್ಕಕ್ಕೆ ಇನ್ನೊಬ್ಬ ಕುಶಲಿ ಬಂದು ನಿಂತ. ತಂತಿಯ ಸಣ್ಣ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸಿ, ಅದನ್ನು ಹಿಗ್ಗಿಸಿ, ಮತ್ತೆ ನಾದವನ್ನಾಗಿ ಮಾಡಿ ಸಭೆಗೆ ಒಪ್ಪಿಸುವವನು ಅವನು. ಅಂಥವರಲ್ಲಿ ಅಗ್ರಗಣ್ಯನಾದ ಅಮೆರಿಕದ ಲಿಯೋ ಫೆಂಡರನ ಜೀವನವೃತ್ತಾಂತವನ್ನು ಇಲ್ಲಿ ಹೇಳಲು ಹೊರಟಿದ್ದೇನೆ.

ಫೆಂಡರ್ ಎಂದೊಡನೆ ಇಂದಿನ ತರುಣರಿಗೆ ನೆನಪಾಗುವುದು ವಿದ್ಯುತ್ ಗಿಟಾರುಗಳು, ಪಾಶ್ಚಾತ್ಯ ಜನಪ್ರಿಯ ಸಂಗೀತದ ಅಬ್ಬರ. ಆ ಅಬ್ಬರ ನನ್ನ ಅಭಿರುಚಿಗೆ ಹೊರತಾದದ್ದು. ಈ ಮನುಷ್ಯನ ಕಡೆಗೆ ನನ್ನನ್ನು ಸೆಳೆದದ್ದು ಬೇರೆ ಎರಡು ಸಂಗತಿಗಳು. ಗಿಟಾರುಗಳಿಂದಲೇ ಜಗತ್ಪ್ರಸಿದ್ಧನಾದ ಈತನಿಗೆ ಕೊನೆಯವರೆಗೂ ಗಿಟಾರ್ ನುಡಿಸಲು ಬರಲಿಲ್ಲ ಎಂಬುದು ಒಂದು. ಈತ ಮೊದಲು ಕೈಹಚ್ಚಿದ್ದು ಆ ಅಬ್ಬರದ ಗಿಟಾರಿಗಲ್ಲ, ಹವಾಯಿ ದ್ವೀಪಗಳಿಂದ ಬಂದ ಸೌಮ್ಯವಾದ ಸ್ಟೀಲ್ ಗಿಟಾರಿಗೆ ಮತ್ತು ಅದರ ನಾದವನ್ನು ಹಿಗ್ಗಿಸುವ ಯಂತ್ರಕ್ಕೆ ಎಂಬುದು ಇನ್ನೊಂದು. ಆ ಯಂತ್ರವನ್ನು ಹೊಕ್ಕ ನಾದದಲ್ಲಿ ಎಲ್ಲಕ್ಕಿಂತ ಮೊದಲು ಕೆಡುತ್ತಿದ್ದುದು ಮಂದ್ರಸ್ವರ. ಅದನ್ನು ಕೆಡದಂತೆ ಶ್ರೋತೃವಿನ ಕಿವಿಗೆ ಮುಟ್ಟಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಬೆನ್ನು ಹತ್ತಿ ಹೋದುದರಲ್ಲಿಯೇ ಅವನ ಬಾಳಿನ ಸಾರವಿದೆಯೆಂದು ನನಗೆ ತೋರುತ್ತದೆ.

ಸ್ಟೀಲ್ ಗಿಟಾರ್ ಎಂದರೆ ಉಕ್ಕಿನಿಂದ ಮಾಡಿದ ಗಿಟಾರ್ ಎಂದು ಅರ್ಥವಲ್ಲ. ನುಡಿಸುವವನು ಎಡಗೈಯಲ್ಲಿ ಹಿಡಿದು ತಂತಿಗಳ ಮೇಲೆ ಜಾರಿಸುವ ಉಕ್ಕಿನ ತುಂಡಿನಿಂದ ಅದಕ್ಕೆ ಆ ಹೆಸರು ಬಂದಿದೆ. ವಾದ್ಯವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬಲಗೈ ಬೆರಳುಗಳಿಂದ ಮೀಟುತ್ತ ಎಡಗೈಯ ಉಕ್ಕನ್ನು ಜಾರಿಸಿದರೆ ನಾದವು ಸ್ವರದಿಂದ ಸ್ವರಕ್ಕೆ ನಡುವೆ ಕಡಿಯದೆ ಹರಿಯುತ್ತದೆ. ನಮ್ಮ ಗೋಟುವಾದ್ಯವನ್ನು ಕಂಡು ಕೇಳಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲಿಯೂ ಮೆಟ್ಟಿಲುಗಳಿಲ್ಲ, ಅಲ್ಲಿಯೂ ಕೈಯ ಕೊರಡು ತಂತಿಯ ಮೇಲೆ ಜಾರಿಯೇ ಗಮಕವನ್ನು ಹುಟ್ಟಿಸುತ್ತದೆ. ಈ ಸಾಮ್ಯವಿದ್ದುದರಿಂದಲೇ ಬ್ರಿಜ್‌ಭೂಷಣ್ ಕಾಬ್ರಾ (1937-2018) ಅವರು ಹವಾಯಿ ಗಿಟಾರನ್ನು ಹಿಂದುಸ್ತಾನಿ ರಾಗಸಂಗೀತಕ್ಕೆ ಒಗ್ಗಿಸಲು ಸಾಧ್ಯವಾಯಿತು. ಹವಾಯಿಯಲ್ಲಿ ಈ ಕ್ರಮವನ್ನು ರೂಢಿಗೆ ತಂದ ಕೀರ್ತಿ 1874ರಲ್ಲಿ ಹುಟ್ಟಿದ ಜೋಸೆಫ್ ಕೆಕುಕು ಎಂಬಾತನಿಗೆ ಸಲ್ಲುತ್ತದೆ. 1915ರಲ್ಲಿ ಸಾನ್‌ಫ್ರಾನ್ಸಿಸ್ಕೋ ನಗರದಲ್ಲಿ ನಡೆದ ಮಹಾಪ್ರದರ್ಶನದ ತರುವಾಯ ಹವಾಯಿ ಸಂಗೀತದ ಮೋಹ ಅಮೆರಿಕವನ್ನೆಲ್ಲ ವ್ಯಾಪಿಸಿತು.

ಮೋಹವೇನೋ ವ್ಯಾಪಿಸಿತು, ಆದರೆ ವಾದ್ಯದ ದನಿ ಚಿಕ್ಕದು. ನೃತ್ಯಶಾಲೆಗಳಲ್ಲಿ ನೂರಾರು ಜನ ಕುಣಿಯುವಾಗ, ಪಕ್ಕದಲ್ಲಿ ಕಹಳೆ, ನಗಾರಿಗಳು ಮೊಳಗುವಾಗ ಆ ಕೋಮಲ ನಾದ ಯಾರಿಗೂ ಕೇಳಿಸುತ್ತಿರಲಿಲ್ಲ. ಟೆಕ್ಸಾಸಿನಲ್ಲಿ ಹುಟ್ಟಿ ಲಾಸ್ ಏಂಜಲೀಸಿನಲ್ಲಿ ನೆಲಸಿದ ಜಾರ್ಜ್ ಬೀಚಮ್ ಎಂಬ ಸ್ಟೀಲ್ ಗಿಟಾರ್ ವಾದಕ ಈ ಕೊರತೆಯನ್ನು ನೀಗಲು ಹೊರಟ. ಲೋಹದ ತಟ್ಟೆಗಳನ್ನು ಒಳಗೆ ಅಳವಡಿಸಿದ ಗಿಟಾರುಗಳ ತಯಾರಿಕೆಯಲ್ಲಿ ಮೊದಲು ತೊಡಗಿದ. ಆಮೇಲೆ 1931ರ ಸುಮಾರಿಗೆ, ಕುದುರೆಲಾಳದ ಆಕಾರದ ಎರಡು ಅಯಸ್ಕಾಂತಗಳ ನಡುವೆ ಉಕ್ಕಿನ ತಂತಿಗಳನ್ನು ಹಾಯಿಸಿ, ಅವುಗಳ ಕೆಳಗೆ ತಾಮ್ರದ ಸುರುಳಿಯನ್ನಿರಿಸಿ, ತಂತಿಯ ಅಲುಗಾಟವನ್ನೇ ವಿದ್ಯುತ್ತಾಗಿ ಪಡೆಯುವ ಉಪಾಯವನ್ನು ಕಂಡುಕೊಂಡ. ಈ ಅಂಗಕ್ಕೆ ಪಿಕಪ್ ಎಂದು ಹೆಸರು. 1932ರಲ್ಲಿ ಅಲ್ಯುಮಿನಿಯಮ್ಮಿನಲ್ಲಿ ಎರಕ ಹೊಯ್ದ ಆ ವಾದ್ಯ ಮಾರಾಟಕ್ಕೆ ಬಂತು. ದುಂಡನೆಯ ಒಡಲು, ಉದ್ದನೆಯ ಹಿಡಿ. ನೋಡಿದವರು ಅದನ್ನು ಬಾಣಲೆ ಎಂದೇ ಕರೆದರು. ಕೆಕುಕು ತೀರಿಕೊಂಡದ್ದೂ ಅದೇ ವರ್ಷ. ಬೀಚಮನಿಗೆ ಪೇಟೆಂಟ್ ಹಕ್ಕು ದೊರೆತದ್ದು ಮಾತ್ರ ಐದು ವರ್ಷ ತಡವಾಗಿ, 1937ರ ಆಗಸ್ಟ್ 10ರಂದು. ಅಂದಿಗೆ ಲಿಯೋ ಫೆಂಡರನಿಗೆ ಸರಿಯಾಗಿ ಇಪ್ಪತ್ತೆಂಟು ವರ್ಷ ತುಂಬಿತ್ತು. ಆತ ಇನ್ನೂ ಲೆಕ್ಕದ ಪುಸ್ತಕಗಳ ನಡುವೆ ಜೀವನೋಪಾಯವನ್ನು ಅರಸುತ್ತಿದ್ದ.

ಕ್ಲಾರೆನ್ಸ್ ಲಿಯೋನಿಡಾಸ್ ಫೆಂಡರ್ ಹುಟ್ಟಿದ್ದು 1909ರಲ್ಲಿ, ಕ್ಯಾಲಿಫೋರ್ನಿಯದ ಆನಹೈಮ್ ಮತ್ತು ಫುಲರ್ಟನ್ ಊರುಗಳ ನಡುವೆ ತಂದೆತಾಯಿಗಳಿಗಿದ್ದ ಕಿತ್ತಳೆಯ ತೋಟದಲ್ಲಿ. ಎಂಟನೆಯ ವಯಸ್ಸಿನಲ್ಲಿ ಎಡಗಣ್ಣಿನಲ್ಲಿ ಗಡ್ಡೆ ಬೆಳೆದು ಆ ಕಣ್ಣನ್ನು ತೆಗೆಯಬೇಕಾಯಿತು. ಅಲ್ಲಿಂದ ಮುಂದೆ ಗಾಜಿನ ಕಣ್ಣು. ಹದಿಮೂರು ಹದಿನಾಲ್ಕರ ಪ್ರಾಯದಲ್ಲಿ ಚಿಕ್ಕಂದಿನ ಕುತೂಹಲಕ್ಕೆ ಒಂದು ಗುರಿ ದೊರೆಯಿತು. ವಾಹನಗಳ ವಿದ್ಯುತ್ ಕೆಲಸ ಮಾಡುತ್ತಿದ್ದ ಸೋದರ ಸಂಬಂಧದ ಹಿರಿಯನೊಬ್ಬ ಹಳೆಯ ರೇಡಿಯೋ ಬಿಡಿಭಾಗಗಳನ್ನು ಅವನಿಗೆ ಕಳುಹಿಸಿಕೊಟ್ಟ. ಆತನ ಅಂಗಡಿಯಲ್ಲಿ ಕೈಯಿಂದಲೇ ಕಟ್ಟಿದ ರೇಡಿಯೋ ಒಂದು ಗಟ್ಟಿಯಾಗಿ ಹಾಡುತ್ತಿದ್ದುದನ್ನು ಹುಡುಗ ಕಂಡ. ಆ ನಾದ ಅವನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಪಿಯಾನೋ, ಸ್ಯಾಕ್ಸೊಫೋನುಗಳನ್ನು ಸ್ವಲ್ಪ ಕಾಲ ಅಭ್ಯಾಸ ಮಾಡಿದ್ದುಂಟು. ಆದರೆ ಕೈ ಒಲಿದದ್ದು ಕಾಸುವ ಕಬ್ಬಿಣಕ್ಕೆ ಮತ್ತು ತಾಮ್ರದ ತಂತಿಗೆ.

ಕಾಲೇಜಿನಲ್ಲಿ ಆತ ಓದಿದ್ದು ಲೆಕ್ಕಪತ್ರಶಾಸ್ತ್ರ. ಯಂತ್ರವಿದ್ಯೆಯನ್ನು ಯಾವ ಶಾಲೆಯಲ್ಲಿಯೂ ಕಲಿಯಲಿಲ್ಲ. ರೇಡಿಯೋ ರಿಪೇರಿ ಬಿಡುವಿನ ವೇಳೆಯ ಹವ್ಯಾಸವಾಗಿತ್ತು. ನೃತ್ಯಮೇಳದ ನಾಯಕನೊಬ್ಬನ ಕೋರಿಕೆಯಂತೆ ಸಭೆಗಳಿಗೆ ಬೇಕಾಗುವ ಧ್ವನಿವರ್ಧಕ ಸಲಕರಣೆಯ ಆರು ಜೊತೆಗಳನ್ನು ಕಟ್ಟಿಕೊಟ್ಟದ್ದೂ ಈ ಕಾಲದಲ್ಲಿಯೇ. 1934ರಲ್ಲಿ ಎಸ್ತರ್ ಎಂಬಾಕೆಯನ್ನು ಮದುವೆಯಾಗಿ, ಹೆದ್ದಾರಿ ಇಲಾಖೆಯಲ್ಲಿ ಲೆಕ್ಕಿಗನಾಗಿ ಸೇರಿದ. ಆರ್ಥಿಕ ಮುಗ್ಗಟ್ಟಿನ ದಿನಗಳು ಅವು. ಆ ಕೆಲಸ ಹೋಯಿತು. ಟಯರು ಕಂಪನಿಯೊಂದರಲ್ಲಿ ಸಿಕ್ಕ ಇನ್ನೊಂದು ಕೆಲಸವೂ ಆರು ತಿಂಗಳಲ್ಲಿ ಹೋಯಿತು. 1938ರಲ್ಲಿ 600 ಡಾಲರ್ ಸಾಲ ತಂದು ಫುಲರ್ಟನ್ನಿನಲ್ಲಿ ಫೆಂಡರ್ ರೇಡಿಯೋ ಸರ್ವಿಸ್ ಎಂಬ ಅಂಗಡಿಯನ್ನು ತೆರೆದ. ಲೆಕ್ಕಿಗನ ಹುದ್ದೆ ಗಟ್ಟಿಯಾಗಿ ನಿಂತಿದ್ದರೆ ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲ.

ರೇಡಿಯೋ ರಿಪೇರಿಯ ಅಂಗಡಿಗೆ ಊರಿನ ಸಂಗೀತಗಾರರೆಲ್ಲ ಬರುವುದು ಸಹಜ. ಅವರು ಹೊತ್ತು ತರುತ್ತಿದ್ದುದು ಕೆಟ್ಟುಹೋದ ಆಂಪ್ಲಿಫೈಯರುಗಳನ್ನು, ದನಿ ಒಡೆದ ಸ್ಪೀಕರುಗಳನ್ನು. ಫೆಂಡರ್ ಅವುಗಳನ್ನು ಬಿಚ್ಚಿ ನೋಡುತ್ತಿದ್ದ. ಎಲ್ಲಿ ಸುಟ್ಟಿದೆ, ಎಲ್ಲಿ ಹರಿದಿದೆ, ಯಾಕೆ ಹರಿದಿದೆ ಎಂದು ಗುರುತಿಸುತ್ತಿದ್ದ. ಬೇರೆಯವರ ಯಂತ್ರಗಳ ದೋಷಗಳೇ ಅವನಿಗೆ ಪಠ್ಯಪುಸ್ತಕಗಳಾದವು. ಆ ಅಂಗಡಿಗೆ ಬಂದವರಲ್ಲಿ ಕ್ಲೇಟನ್ ಕಾಫ್ಮನ್ ಒಬ್ಬ. ಬಾಣಲೆ ಗಿಟಾರನ್ನು ಮಾಡುತ್ತಿದ್ದ ರಿಕನ್‌ಬ್ಯಾಕರ್ ಕಾರ್ಖಾನೆಯಲ್ಲಿ ದುಡಿದ ಅನುಭವ ಅವನಿಗಿತ್ತು. ಇಬ್ಬರೂ ಸೇರಿ ತಂತಿಗಳು ಸುರುಳಿಯ ಒಳಗಿನಿಂದಲೇ ಹಾದುಹೋಗುವ ಹೊಸ ಬಗೆಯ ಪಿಕಪ್ಪೊಂದನ್ನು ರಚಿಸಿ 1944ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಹಕ್ಕು ದೊರೆತದ್ದು 1948ರಲ್ಲಿ. ಅದನ್ನು ಪರೀಕ್ಷಿಸಲೆಂದು ಗಟ್ಟಿಮರದ ತುಂಡಿಗೆ ತಂತಿ ಬಿಗಿದು ಮಾಡಿದ ಒಂದು ಒರಟು ಗಿಟಾರನ್ನು ಊರಿನ ವಾದಕರು ಬಾಡಿಗೆಗೆ ಕೇಳಿಕೊಂಡು ಬರತೊಡಗಿದರು. 1945ರಲ್ಲಿ ಇಬ್ಬರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಕೆ ಅಂಡ್ ಎಫ್ ಎಂಬ ಸಣ್ಣ ಉದ್ಯಮ ಆರಂಭವಾಯಿತು. ಅವರು ಮಾಡಿ ಮಾರುತ್ತಿದ್ದುದು ತೊಡೆಯ ಮೇಲಿಡುವ ಸ್ಟೀಲ್ ಗಿಟಾರು ಮತ್ತು ಅದಕ್ಕೆ ಜೊತೆಯಾದ ಆಂಪ್ಲಿಫೈಯರು. ಎರಡನ್ನೂ ಒಂದೇ ಕೈ ಮಾಡಿತೆಂಬುದನ್ನು ಓದುಗರು ನೆನಪಿಡಬೇಕು. ತಂತಿಯಿಂದ ಹಿಡಿದು ಸ್ಪೀಕರಿನವರೆಗೆ ಇರುವುದೆಲ್ಲ ಒಂದೇ ವಾದ್ಯವೆಂಬ ಭಾವನೆ ಫೆಂಡರನಲ್ಲಿ ಮೊದಲಿನಿಂದಲೇ ಇತ್ತೆಂಬುದಕ್ಕೆ ಇದೇ ಸಾಕ್ಷಿ.

ಇಲ್ಲಿ ನಾವು ಮಂದ್ರದ ಸಮಸ್ಯೆಯನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕು. ಹವಾಯಿ ಗಿಟಾರಿಗೆ ಶ್ರುತಿ ಕೂಡಿಸುವ ಎರಡು ಹಳೆಯ ಕ್ರಮಗಳಿಗೆ ಅವುಗಳ ಕೆಳಗಿನ ತಂತಿಯನ್ನು ನೋಡಿಯೇ ಎತ್ತರದ ಮಂದ್ರ, ತಗ್ಗಿನ ಮಂದ್ರ ಎಂಬ ಅರ್ಥದ ಹೆಸರುಗಳಿವೆ. ಮೊದಲನೆಯದರಲ್ಲಿ ಅತಿ ಕೆಳಗಿನ ತಂತಿ ಸೆಕೆಂಡಿಗೆ 110 ಸಲ ಕಂಪಿಸುತ್ತದೆ. ಎರಡನೆಯದರಲ್ಲಿ ಸುಮಾರು 82 ಸಲ. ಇಂಥ ಕೆಳಸ್ವರಗಳ ವಿಷಯದಲ್ಲಿ ನಮ್ಮ ಕಿವಿಯೇ ಮೊದಲು ಮಂದ. ನಡುಸ್ಥಾಯಿಯ ಸ್ವರದಷ್ಟೇ ಗಟ್ಟಿಯಾಗಿ ಕೇಳಿಸಬೇಕಾದರೆ ಮಂದ್ರಸ್ವರಕ್ಕೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಶಕ್ತಿ ಬೇಕು. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿ ಇದನ್ನು ಅಳೆದು ತೋರಿಸಿದರು. ಹೀಗೆ ಹೆಚ್ಚು ಶಕ್ತಿಯನ್ನು ಬೇಡುವ ಸ್ವರವು ಯಂತ್ರದ ಪ್ರತಿಯೊಂದು ಅಂಗದಲ್ಲಿಯೂ ಅಡ್ಡಿಯನ್ನು ಎದುರಿಸುತ್ತದೆ. ವಾಲ್ವಿನಿಂದ ವಾಲ್ವಿಗೆ ಸಂಜ್ಞೆಯನ್ನು ದಾಟಿಸುವ ಕಂಡೆನ್ಸರು ತೀರ ಚಿಕ್ಕದಾದರೆ ಮಂದ್ರವನ್ನು ಅಲ್ಲಿಯೇ ತಡೆದುಬಿಡುತ್ತದೆ. ಅದನ್ನು ದಾಟಿ ಬಂದರೆ ಕೊನೆಯಲ್ಲಿ ಟ್ರಾನ್ಸ್‌ಫಾರ್ಮರು ನಿಂತಿದೆ. ಸ್ವರ ಒಂದು ಸ್ಥಾಯಿ ಕೆಳಗಿಳಿದರೆ, ಅಷ್ಟೇ ವೋಲ್ಟೇಜನ್ನು ಹೊರಲು ಅದರ ಕಬ್ಬಿಣಕ್ಕೆ ಇಮ್ಮಡಿ ಹೊರೆ ಬೀಳುತ್ತದೆ. ಕಬ್ಬಿಣ ಸಾಲದಾದಾಗ ನಾದ ಬಿರಿಯುತ್ತದೆ.

ಆಮೇಲೆ ಸ್ಪೀಕರು. ಅದರ ಶಂಕುವಿನಾಕಾರದ ಕಾಗದದ ತಟ್ಟೆ ಗಾಳಿಯನ್ನು ತಳ್ಳಿದಾಗ ನಾದ ಹುಟ್ಟುತ್ತದೆ. ಒಂದು ಸ್ಥಾಯಿ ಕೆಳಗಿನ ಸ್ವರವನ್ನು ಅಷ್ಟೇ ಬಲದಲ್ಲಿ ನುಡಿಸಲು ತಟ್ಟೆ ನಾಲ್ಕು ಪಾಲು ಹೆಚ್ಚು ದೂರ ಹಿಂದೆ ಮುಂದೆ ಓಡಾಡಬೇಕು. ಚಿಕ್ಕ ತಟ್ಟೆಗೆ ಅಷ್ಟು ದೂರ ಚಲಿಸುವ ಅವಕಾಶವಿಲ್ಲ. 8 ಅಂಗುಲದ ತಟ್ಟೆಗಿಂತ 15 ಅಂಗುಲದ ತಟ್ಟೆಯ ವಿಸ್ತಾರ ಸುಮಾರು ಮೂರೂವರೆ ಪಾಲು ಹೆಚ್ಚು. ಆದ್ದರಿಂದ ಅದು ಕಡಿಮೆ ಓಡಾಟದಲ್ಲಿಯೇ ಆ ಕೆಲಸವನ್ನು ಮಾಡಿ ಮುಗಿಸುತ್ತದೆ. ಇನ್ನು ಸ್ಪೀಕರನ್ನು ಕೂರಿಸಿದ ಪೆಟ್ಟಿಗೆ. ಅದರ ಬೆನ್ನು ತೆರೆದಿದ್ದರೆ, ತಟ್ಟೆಯ ಮುಂದೆ ಗಾಳಿ ಒತ್ತಿದಾಗ ಹಿಂದೆ ತೆರವಾಗುತ್ತದೆ. ಒತ್ತಿದ ಗಾಳಿ ಪೆಟ್ಟಿಗೆಯ ಅಂಚನ್ನು ಬಳಸಿ ಹಿಂದಕ್ಕೆ ಹರಿದು ಆ ತೆರವನ್ನು ತುಂಬುತ್ತದೆ. ಮಂದ್ರ ಅಲ್ಲಿಯೇ ಅಳಿಯುತ್ತದೆ. 82 ಕಂಪನಗಳ ಸ್ವರದ ಅಲೆ ಹದಿನಾಲ್ಕು ಅಡಿಗಳಷ್ಟು ಉದ್ದವಾದದ್ದು. ಎರಡಡಿಯ ಪೆಟ್ಟಿಗೆಯನ್ನು ಬಳಸಿ ಬರುವುದು ಅದಕ್ಕೆ ಏನೂ ಕಷ್ಟವಲ್ಲ. ತಾರಸ್ಥಾಯಿಯ ಗಿಡ್ಡ ಅಲೆಗಳಿಗೆ ಈ ಆಪತ್ತಿಲ್ಲ.

ಇಷ್ಟು ಅಡ್ಡಿಗಳಿದ್ದರೂ ಚಿಕ್ಕ ಆಂಪ್ಲಿಫೈಯರಿನಲ್ಲಿ ಮಂದ್ರಸ್ವರ ನಮಗೆ ಕೇಳಿಸಿದಂತೆ ಆಗುವುದೇಕೆ? ಅದು ಕಿವಿಯ ಉದಾರತೆ. ತಂತಿಯೊಂದನ್ನು ಮೀಟಿದಾಗ ಮೂಲಸ್ವರದ ಜೊತೆಗೆ ಅದರ ಇಮ್ಮಡಿ, ಮುಮ್ಮಡಿ ಕಂಪನಗಳ ಅನುಸ್ವರಗಳೂ ಹೊರಡುತ್ತವೆ. ಯಂತ್ರವು ಅನುಸ್ವರಗಳನ್ನು ಮಾತ್ರ ಕೊಟ್ಟರೂ, ನೆರಳನ್ನು ಕಂಡು ಆಳನ್ನು ಊಹಿಸುವಂತೆ ಕಿವಿ ಮೂಲಸ್ವರವನ್ನು ಊಹಿಸಿಕೊಳ್ಳುತ್ತದೆ. ಸ್ವರಸ್ಥಾನ ತಿಳಿಯುತ್ತದೆ, ತೂಕ ಮಾತ್ರ ತಿಳಿಯುವುದಿಲ್ಲ. ನಮ್ಮ ಊರಿನ ಒಂದು ಕಛೇರಿಯಲ್ಲಿ ನಾನು ಇದನ್ನು ಅನುಭವಿಸಿದ್ದೇನೆ. ಹಿರಿಯ ವೈಣಿಕರೊಬ್ಬರು ಅನುಮಂದ್ರದ ತಂತಿಯಲ್ಲಿ ತೋಡಿಯನ್ನು ನಿಧಾನವಾಗಿ ಬೆಳೆಸುತ್ತಿದ್ದರು. ಮುಂದಿನ ಸಾಲಿನಲ್ಲಿದ್ದಷ್ಟು ಹೊತ್ತು ನೆಲವೇ ನುಡಿದಂತಿತ್ತು. ಎದ್ದು ಹೋಗಿ ಹಿಂದಿನ ಕಂಬದ ಸ್ಪೀಕರಿನ ಕೆಳಗೆ ನಿಂತಾಗ ಅದೇ ರಾಗ ತಗಡಿನ ಡಬ್ಬಿಯಲ್ಲಿ ಕಡಲೆ ಅಲುಗಿದಂತೆ ಕೇಳಿಸಿತು. ಸ್ವರ ತಪ್ಪಿರಲಿಲ್ಲ, ತಾಳ ತಪ್ಪಿರಲಿಲ್ಲ. ರಾಗದ ಗಾಂಭೀರ್ಯ ಮಾತ್ರ ದಾರಿಯಲ್ಲಿ ಎಲ್ಲಿಯೋ ಉಳಿದುಹೋಗಿತ್ತು. ಫುಲರ್ಟನ್ನಿನ ಅಂಗಡಿಗೆ ಬರುತ್ತಿದ್ದ ವಾದಕರ ದೂರು ಇದಕ್ಕಿಂತ ಬೇರೆಯದಾಗಿರಲಾರದು.

ಕಾಫ್ಮನ್ ಎಚ್ಚರಿಕೆಯ ಸ್ವಭಾವದವನು. ಸಾಲದ ಭಯದಿಂದ 1946ರಲ್ಲಿ ಪಾಲುದಾರಿಕೆಯನ್ನು ಬಿಟ್ಟ. ತನ್ನ ಪಾಲಿಗೆ ಬದಲಾಗಿ ಒಂದು ಚಿಕ್ಕ ಒತ್ತುಯಂತ್ರವನ್ನು ಪಡೆದು ಸಂತೋಷವಾಗಿ ಹೊರಟುಹೋದ. ಸ್ನೇಹ ಮಾತ್ರ ಮುರಿಯಲಿಲ್ಲ. ಒಂಟಿಯಾದ ಫೆಂಡರ್ ಅದೇ ವರ್ಷ ತನ್ನ ಹೆಸರಿನಲ್ಲಿಯೇ ಆಂಪ್ಲಿಫೈಯರುಗಳನ್ನು ಹೊರತಂದ. ಅವುಗಳ ದರ್ಜೆಯನ್ನು ಸ್ಪೀಕರಿನ ಅಳತೆಯಿಂದಲೇ ತಿಳಿಯಬಹುದಾಗಿತ್ತು: ಚಿಕ್ಕದಕ್ಕೆ 8 ಅಂಗುಲ, ನಡುವಿನದಕ್ಕೆ 10, ದೊಡ್ಡದಕ್ಕೆ 15. ಮರುವರ್ಷ ಬಂದ ಡ್ಯುಯಲ್ ಪ್ರೊಫೆಷನಲ್ ಎಂಬ ಮಾದರಿಯಲ್ಲಿ 10 ಅಂಗುಲದ ಎರಡು ಸ್ಪೀಕರುಗಳನ್ನು ಒಂದೇ ಪೆಟ್ಟಿಗೆಯಲ್ಲಿ ತುಸು ಓರೆಯಾಗಿ ಕೂರಿಸಿದ್ದ. ಪೆಟ್ಟಿಗೆಯ ಮೂಲೆಗಳನ್ನು ಬೆರಳುಗಳನ್ನು ಹೆಣೆದಂತೆ ಹಲ್ಲುಹಲ್ಲಾಗಿ ಬೆಸೆದು, ಪ್ರಯಾಣದ ಪೆಟ್ಟಿಗೆಗಳಿಗೆ ಹೊದಿಸುವಂಥ ಬಟ್ಟೆಯನ್ನು ಅಂಟಿಸಿದ್ದ. ತಿರುಪುಗಳೆಲ್ಲ ಮೇಲ್ಗಡೆಗೆ ಬಂದವು. ಕುಳಿತು ನುಡಿಸುವವನಿಗೆ ಕೈಗೆ ಎಟುಕುವಂತೆ.

ಈ ವಿವರಗಳು ಕ್ಷುಲ್ಲಕವಾಗಿ ಕಾಣಬಹುದು. ಆದರೆ ಫೆಂಡರನ ವಿಧಾನವೇ ಅದು. ಅವನಿಗೆ ಸಿದ್ಧಾಂತಕ್ಕಿಂತ ದೂರು ಮುಖ್ಯ. ಸಂಜೆ ಹೊತ್ತು ನೃತ್ಯಶಾಲೆಗಳಿಗೆ ಹೋಗಿ ತನ್ನ ಯಂತ್ರಗಳು ಹೇಗೆ ನುಡಿಯುತ್ತಿವೆಯೆಂದು ನಿಂತು ಕೇಳುತ್ತಿದ್ದ. ವಾದಕರನ್ನು ಕಾರ್ಖಾನೆಗೆ ಕರೆಸಿ ಅವರ ಮುಂದೆಯೇ ಬೆಸುಗೆ ಬಿಚ್ಚಿ ಹಾಕುತ್ತಿದ್ದ. ಬಾಬ್ ವಿಲ್ಸನ ಪ್ರಖ್ಯಾತ ಮೇಳದಲ್ಲಿದ್ದ ಲಿಯೋನ್ ಮೆಕಾಲಿಫ್, ನೋಯಲ್ ಬಾಗ್ಸ್‌ರಂಥ ಸ್ಟೀಲ್ ಗಿಟಾರ್ ವಾದಕರು ಅವನ ವಾದ್ಯಗಳನ್ನು ನುಡಿಸಿದರು. ತಾನು ನುಡಿಸಲಾರದವನಾದ್ದರಿಂದ ಅವನಿಗೆ ತನ್ನ ಕೈಯ ಅಭ್ಯಾಸದ ಹಟವಿರಲಿಲ್ಲ. ಇನ್ನೊಬ್ಬನ ಕೈಗೆ ಏನು ಬೇಕೆಂಬುದನ್ನು ಕೇಳುವ ತಾಳ್ಮೆಯಿತ್ತು. ವಾದಕನಲ್ಲದಿರುವುದು ಅವನ ಕೊರತೆಯೆಂದು ಹೇಳುವವರಿದ್ದಾರೆ. ನನಗೆ ಅದು ಅವನ ಬಲವಾಗಿಯೇ ಕಾಣುತ್ತದೆ.

1953ರಲ್ಲಿ ಹೊರಬಂದ ಸ್ಟ್ರಿಂಗ್‌ಮಾಸ್ಟರ್ ಎಂಬ ಸ್ಟೀಲ್ ಗಿಟಾರು ಆ ತಾಳ್ಮೆಯ ಫಲ. ಎಂಟೆಂಟು ತಂತಿಗಳ ಎರಡು, ಮೂರು, ನಾಲ್ಕು ದಂಡಿಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿ, ಕಾಲುಗಳ ಮೇಲೆ ನಿಲ್ಲಿಸಿದ ವಾದ್ಯ ಅದು. ಒಂದೊಂದು ದಂಡಿಗೆ ಒಂದೊಂದು ಶ್ರುತಿ. ಪ್ರತಿ ದಂಡಿಗೂ ಎರಡೆರಡು ಪಿಕಪ್ಪುಗಳು. ಕುದುರೆಯ ಬಳಿಯಿರುವುದು ತಂತಿಯ ಅಲುಗಾಟ ಕಡಿಮೆಯಿರುವ ಕಡೆಯಿಂದ ನಾದವನ್ನು ಎತ್ತುವುದರಿಂದ ತೆಳುವಾಗಿ, ಚೂಪಾಗಿ ನುಡಿಯುತ್ತದೆ. ತುಸು ದೂರದಲ್ಲಿರುವುದು ತುಂಬುನಾದವನ್ನು ಕೊಡುತ್ತದೆ. ಎರಡನ್ನೂ ಬೇಕಾದ ಪ್ರಮಾಣದಲ್ಲಿ ಬೆರೆಸಲು ಒಂದು ತಿರುಪು. ಜೊತೆಗೆ, ಎರಡು ಸುರುಳಿಗಳನ್ನು ಪರಸ್ಪರ ವಿರುದ್ಧವಾಗಿ ಕೂಡಿಸಿದ್ದರಿಂದ ವಿದ್ಯುತ್ ದೀಪಗಳಿಂದ ಹರಿದು ಬರುವ ಗುಂಯ್ ಎಂಬ ಸದ್ದು ಅಡಗುತ್ತಿತ್ತು. ಮೊದಲ ವಾದ್ಯಗಳಲ್ಲಿ ತಂತಿಯ ಉದ್ದ 26 ಅಂಗುಲ. ತಂತಿ ಉದ್ದವಾದಷ್ಟೂ ಅದೇ ಸ್ವರಕ್ಕೆ ಹೆಚ್ಚು ಬಿಗಿ ಬೇಕು. ಬಿಗಿ ಹೆಚ್ಚಿದಷ್ಟೂ ಮಂದ್ರದ ತಂತಿ ಜೋಲದೆ ಸ್ಪಷ್ಟವಾಗಿ ನುಡಿಯುತ್ತದೆ. ಹೀಗೆ ಆಂಪ್ಲಿಫೈಯರಿನಲ್ಲಿ ಕೆಡುವ ಮಂದ್ರವನ್ನು ಅದರ ಹುಟ್ಟಿನಲ್ಲಿಯೇ ಬಲಪಡಿಸಲಾಯಿತು. ಹವಾಯಿಯ ಮಾವಿ ದ್ವೀಪದಲ್ಲಿ ಹುಟ್ಟಿದ ಫ್ರೆಡ್ಡಿ ತವಾರೆಸ್ ಎಂಬ ಉತ್ತಮ ಸ್ಟೀಲ್ ಗಿಟಾರ್ ವಾದಕ ಫೆಂಡರನ ಕಾರ್ಖಾನೆಯನ್ನು ಸೇರಿದ್ದೂ 1953ರಲ್ಲಿಯೇ. ಯಂತ್ರಜ್ಞನ ಪಕ್ಕದಲ್ಲಿ ಇನ್ನು ಮುಂದೆ ಒಬ್ಬ ಸಂಗೀತಗಾರನ ಕಿವಿಯೂ ಇತ್ತು.

ಅಷ್ಟರಲ್ಲಿ ಮಂದ್ರದ ಬೆನ್ನು ಹತ್ತಿದ್ದವನು ಇನ್ನೂ ಒಂದು ಸ್ಥಾಯಿ ಕೆಳಗಿಳಿದಿದ್ದ. ನೃತ್ಯಮೇಳಗಳಲ್ಲಿ ಆಧಾರಸ್ವರ ಹಿಡಿಯುತ್ತಿದ್ದುದು ಆಳೆತ್ತರದ ಡಬಲ್ ಬೇಸ್ ಪಿಟೀಲು. ಹೊತ್ತು ಸಾಗಿಸುವುದು ಕಷ್ಟ. ನುಡಿಸಿದರೆ ವಿದ್ಯುತ್ ಗಿಟಾರುಗಳ ನಡುವೆ ಕೇಳಿಸುವುದೂ ಕಷ್ಟ. 1950ರಲ್ಲಿ ಗಟ್ಟಿಮರದ ಗಿಟಾರನ್ನು ಹೊರತಂದಿದ್ದ ಫೆಂಡರ್, 1951ರಲ್ಲಿ ಪ್ರಿಸಿಶನ್ ಬೇಸ್ ಎಂಬ ನಾಲ್ಕು ತಂತಿಗಳ ವಾದ್ಯವನ್ನು ತಂದ. 34 ಅಂಗುಲದ ತಂತಿ, ಗಿಟಾರಿನಂತೆಯೇ ಮೆಟ್ಟಿಲುಗಳು, ಕೊರಳಿಗೆ ತೂಗುಹಾಕುವ ಪಟ್ಟಿ. ಇಂಥ ಪ್ರಯತ್ನ ಹಿಂದೆ ನಡೆದಿರಲಿಲ್ಲವೆಂದಲ್ಲ. ಜನರ ಕೈಗೆ ಹೋಗಿ ನೆಲೆನಿಂತದ್ದು ಇದು. ಅದರ ಅತಿ ಕೆಳಗಿನ ಸ್ವರದ ಕಂಪನ ಸೆಕೆಂಡಿಗೆ ಸುಮಾರು 41. ಸ್ಟೀಲ್ ಗಿಟಾರಿಗೆಂದು ಕಟ್ಟಿದ ಯಂತ್ರಗಳಿಗೆ ಇದನ್ನು ಹೊರುವ ಶಕ್ತಿಯಿರಲಿಲ್ಲ. ಆದ್ದರಿಂದ 1952ರಲ್ಲಿ ಬಾಸ್‌ಮನ್ ಎಂಬ ಆಂಪ್ಲಿಫೈಯರು ಹುಟ್ಟಿತು: 26 ವಾಟಿನ ಶಕ್ತಿ, 15 ಅಂಗುಲದ ಒಂದು ಸ್ಪೀಕರು, ಬಹುಮಟ್ಟಿಗೆ ಮುಚ್ಚಿದ ಬೆನ್ನು.

ಮುಂದಿನ ಕಥೆ ವಿಚಿತ್ರವಾದದ್ದು. ಎರಡು ವರ್ಷಗಳ ತರುವಾಯ ಬಾಸ್‌ಮನ್ನಿಗೆ 10 ಅಂಗುಲದ ನಾಲ್ಕು ಸ್ಪೀಕರುಗಳು ಬಂದವು. ಶಕ್ತಿಯೂ ಕ್ರಮೇಣ ಹೆಚ್ಚಿತು. ಮಂದ್ರ, ಮಧ್ಯ, ತಾರ ಮೂರಕ್ಕೂ ಬೇರೆ ಬೇರೆ ತಿರುಪುಗಳಾದವು. ಬೇಸ್ ವಾದಕರಿಗೆಂದು ಮಾಡಿದ ಆ ಯಂತ್ರವನ್ನು ಗಿಟಾರ್ ವಾದಕರು ತಮ್ಮದಾಗಿಸಿಕೊಂಡರು. ಮಂದ್ರವನ್ನು ಹೊರಲೆಂದು ಅದಕ್ಕೆ ಕೊಟ್ಟ ದೇಹಬಲವೇ ಮೇಲಿನ ಸ್ವರಗಳಿಗೂ ತುಂಬುಗಾಂಭೀರ್ಯವನ್ನು ತಂದಿತ್ತು. 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ತನ್ನ ಮೊದಲ ಆಂಪ್ಲಿಫೈಯರನ್ನು ಕಟ್ಟಿದ್ದು ಇದನ್ನೇ ಮಾದರಿಯಾಗಿಟ್ಟುಕೊಂಡು. ಹೀಗೆ ತಾನು ಎಣಿಸದೆ ಇದ್ದ ದಾರಿಯಲ್ಲಿ ಅವನ ಕೆಲಸ ಹರಡಿತು. ಸ್ಟೀಲ್ ಗಿಟಾರಿನ ಗತಿಯಾದರೋ ತಿರುಗುಮುರುಗಾಯಿತು. ಪಾದದ ತುಳಿಪಟ್ಟಿಗಳಿಂದ ಶ್ರುತಿಯನ್ನು ಬದಲಿಸುವ ಪೆಡಲ್ ಸ್ಟೀಲ್ ಗಿಟಾರುಗಳು ಬಂದವು; ಫೆಂಡರನೂ 1957ರಲ್ಲಿ ಅಂಥದೊಂದನ್ನು ತಂದನಾದರೂ ಆ ಕ್ಷೇತ್ರದಲ್ಲಿ ಬೇರೆ ಶಿಲ್ಪಿಗಳು ಅವನನ್ನು ಮೀರಿದರು. ವಾದ್ಯ ಅವರದಾಯಿತು, ಆಂಪ್ಲಿಫೈಯರು ಅವನದೇ ಉಳಿಯಿತು. ಪೆಡಲ್ ಸ್ಟೀಲಿನ ಹತ್ತು ತಂತಿಗಳ ದಂಡಿಯಲ್ಲಿ ಕೊನೆಯ ತಂತಿ 65 ಕಂಪನಗಳವರೆಗೆ ಇಳಿಯುತ್ತದೆ. ಅದನ್ನು ನುಡಿಸುವವರು 1963ರಲ್ಲಿ ಬಂದ ಫೆಂಡರನ ಟ್ವಿನ್ ರಿವರ್ಬ್ ಯಂತ್ರವನ್ನು ದಶಕಗಳ ಕಾಲ ಮೆಚ್ಚಿ ಬಳಸಿದರು. ಮಂದ್ರದಲ್ಲಿ ಇನ್ನಷ್ಟು ತೂಕ ಬೇಕೆಂದವರು 15 ಅಂಗುಲದ ಸ್ಪೀಕರಿಗೆ ಮರಳಿದರು.

ಆದರೆ ಹೆಚ್ಚು ಮಂದ್ರವೇ ಒಳ್ಳೆಯ ಮಂದ್ರವೆಂದು ಫೆಂಡರ್ ಎಂದೂ ನಂಬಿರಲಿಲ್ಲ. ಅವನ ಯಂತ್ರಗಳ ವಿಶೇಷ ಗುಣವೆಂದು ಎಲ್ಲರೂ ಒಪ್ಪಿದ್ದು ಸ್ವಚ್ಛತೆ. ಅಳತೆ ಮೀರಿ ಹಿಗ್ಗಿಸಿದ ಮಂದ್ರ ವಾಲ್ವುಗಳ ಶಕ್ತಿಯನ್ನೆಲ್ಲ ತಾನೇ ಕುಡಿದು, ಮೇಲಿನ ಸ್ವರಗಳನ್ನು ತನ್ನೊಡನೆ ಕೆಸರಿಗೆ ಎಳೆಯುತ್ತದೆ. ಆದ್ದರಿಂದ ಯಾವ ಸ್ವರವನ್ನು ಎಷ್ಟು ಬಿಡಬೇಕು, ಎಷ್ಟು ತಡೆಯಬೇಕು ಎಂಬ ವಿವೇಕ ಬೇಕು. ಯಂತ್ರದಲ್ಲಿಯೂ ಔಚಿತ್ಯವೆಂಬುದುಂಟು.

1950ರ ದಶಕದಲ್ಲಿ ಫೆಂಡರನಿಗೆ ತಗುಲಿದ ಸೋಂಕೊಂದು ವರ್ಷಗಟ್ಟಲೆ ಕಾಡಿತು. ತನಗಿನ್ನು ಹೆಚ್ಚು ಆಯುಸ್ಸಿಲ್ಲವೆಂದು ಭಾವಿಸಿ ವ್ಯವಹಾರಗಳನ್ನು ಮುಗಿಸಲು ನಿಶ್ಚಯಿಸಿದ. 1965ರ ಜನವರಿಯಲ್ಲಿ ಕಂಪನಿಯನ್ನು 1 ಕೋಟಿ 30 ಲಕ್ಷ ಡಾಲರುಗಳಿಗೆ ಸಿಬಿಎಸ್ ಎಂಬ ಭಾರಿ ಸಂಸ್ಥೆ ಕೊಂಡುಕೊಂಡಿತು. 600 ಡಾಲರ್ ಸಾಲದಿಂದ ಹೊರಟವನು ಇಪ್ಪತ್ತೇಳು ವರ್ಷಗಳಲ್ಲಿ ಮುಟ್ಟಿದ ನೆಲೆ ಇದು. ಮಾರಿದ ಮೇಲೆ ಬೇರೊಬ್ಬ ವೈದ್ಯನ ಚಿಕಿತ್ಸೆಯಿಂದ ರೋಗ ಗುಣವಾಯಿತು! ಬೇರೆಯವನಾಗಿದ್ದರೆ ಹಣವನ್ನೆಣಿಸುತ್ತ ಕೂಡುತ್ತಿದ್ದನೇನೋ. ಈತ ಮತ್ತೆ ಕೆಲಸದ ಮೇಜಿಗೇ ಮರಳಿದ. ಮ್ಯೂಸಿಕ್ ಮ್ಯಾನ್ ಎಂಬ ಹೊಸ ಕಂಪನಿಯಿಂದ 1976ರಲ್ಲಿ ಸ್ಟಿಂಗ್‌ರೇ ಎಂಬ ಬೇಸ್ ಗಿಟಾರು ಹೊರಬಂತು. ಅದರ ಒಡಲಿನಲ್ಲಿಯೇ ಬ್ಯಾಟರಿಯಿಂದ ನಡೆಯುವ ಚಿಕ್ಕ ಆಂಪ್ಲಿಫೈಯರಿತ್ತು; ಮಂದ್ರವನ್ನು ವಾದ್ಯದಲ್ಲಿಯೇ ಹೆಚ್ಚಿಸಿ ಕಳುಹಿಸುವ ಏರ್ಪಾಡು. ವಾದ್ಯಕ್ಕೂ ಯಂತ್ರಕ್ಕೂ ನಡುವೆ ಉಳಿದಿದ್ದ ಗೆರೆಯೂ ಅಲ್ಲಿಗೆ ಅಳಿಸಿತು. 1979ರಲ್ಲಿ ಎಸ್ತರ್ ತೀರಿಕೊಂಡಳು. ಆ ಸುಮಾರಿಗೇ ಹಳೆಯ ಸಹೋದ್ಯೋಗಿ ಜಾರ್ಜ್ ಫುಲರ್ಟನ್ ಜೊತೆಗೂಡಿ ಜಿ ಅಂಡ್ ಎಲ್ ಎಂಬ ಮೂರನೆಯ ಕಂಪನಿಯನ್ನು ಸ್ಥಾಪಿಸಿದ. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ರೋಗದಿಂದ ಕೈಗಳು ನಡುಗುತ್ತಿದ್ದರೂ ಕೆಲಸಕ್ಕೆ ಹೋಗುವುದನ್ನು ಬಿಡಲಿಲ್ಲ. 1991ರ ಮಾರ್ಚ್ 21ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ, ಫುಲರ್ಟನ್ನಿನಲ್ಲಿ ತೀರಿಕೊಂಡ.

ಫೆಂಡರನ ಬಾಳಿನಿಂದ ನಮಗೇನು ಪ್ರಯೋಜನವೆಂದು ಯಾರಾದರೂ ಕೇಳಬಹುದು. ಯಂತ್ರವು ನಾದವನ್ನು ಕೆಡಿಸುತ್ತದೆ, ಆದ್ದರಿಂದ ಯಂತ್ರವೇ ಬೇಡ ಎನ್ನುವ ಸಂಗೀತರಸಿಕರು ನಮ್ಮಲ್ಲಿದ್ದಾರೆ. ಅವರ ಅಳಲು ನನಗೆ ಅರ್ಥವಾಗುತ್ತದೆ. ಆದರೆ ಸಾವಿರ ಜನ ಕೂಡುವ ಸಭೆಯಲ್ಲಿ ವೀಣೆಯನ್ನು ಬರಿಯ ಕೊಡದ ಅನುರಣನದ ಬಲದಿಂದ ಕೇಳಿಸುವುದು ಆಗದ ಮಾತು. ವೀಣೆಗೂ ಗೋಟುವಾದ್ಯಕ್ಕೂ ಮೈಕನ್ನು ಅಂಟಿಸುವುದು ರೂಢಿಯಾಗಿಹೋಗಿದೆ. ಹಾಗಿರುವಾಗ ಆ ಮೈಕು, ಆ ಆಂಪ್ಲಿಫೈಯರು, ಆ ಪೆಟ್ಟಿಗೆ ಎಲ್ಲವೂ ವಾದ್ಯದ ಅಂಗಗಳೇ ಎಂದು ಒಪ್ಪಿಕೊಂಡು, ಕುದುರೆಯನ್ನೂ ಮೆಟ್ಟಿಲುಗಳನ್ನೂ ತಿದ್ದುವಷ್ಟೇ ಶ್ರದ್ಧೆಯಿಂದ ಅವುಗಳನ್ನು ತಿದ್ದುವವರು ಬೇಕು. ಬಾಡಿಗೆಗೆ ತಂದು ಕಂಬಕ್ಕೆ ಕಟ್ಟಿದ ಸ್ಪೀಕರಿನ ಕೈಗೆ ಅನುಮಂದ್ರವನ್ನು ಒಪ್ಪಿಸಿ, ಆಮೇಲೆ ಯಂತ್ರವನ್ನು ಬಯ್ಯುವುದು ನ್ಯಾಯವಲ್ಲ. ತಾನು ನುಡಿಸಲಾರದ ವಾದ್ಯದ ಕೆಳಗಿನ ತಂತಿಯೊಂದರ ದೂರನ್ನು ಆಲಿಸುತ್ತ ಅರ್ಧಶತಮಾನ ಬೆಸುಗೆಯ ಕಬ್ಬಿಣ ಹಿಡಿದು ಕುಳಿತಿದ್ದ ಒಕ್ಕಣ್ಣಿನ ಲೆಕ್ಕಿಗನಂಥವನೊಬ್ಬ ನಮ್ಮ ಸಂಗೀತಸಭೆಗಳಿಗೂ ದೊರೆತರೆ, ಹಿಂದಿನ ಸಾಲಿನಲ್ಲಿ ಕುಳಿತ ಬಡ ವಿದ್ಯಾರ್ಥಿಗೂ ವೀಣೆಯ ಮಂದ್ರ ಅದರ ಪೂರ್ತಿ ತೂಕದೊಡನೆ ದಕ್ಕೀತು.